ಹಾಸನದಿಂದ ಉಗಾಂಡಕ್ಕೆ 10 ದಿನದ ಆರೋಗ್ಯ ಶಿಬಿರ: ಏನು ಒಯ್ಯಬೇಕು, ಏನು ಬಿಡಬೇಕು?

ಹೇಮಾವತಿ_ದಡ (ಹಾಸನ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಾಸನ, ಬೇಲೂರು, ಸಕಲೇಶಪುರದ ನಾವು 9 ಜನ ಬರುವ ಜನವರಿಯಲ್ಲಿ ಉಗಾಂಡದ ಉತ್ತರ ಭಾಗಕ್ಕೆ ಹೋಗುವವರಿದ್ದೇವೆ. ಲಿರಾ ಪಟ್ಟಣದಿಂದ ಒಳಗೆ ಚರ್ಚ್‌ನವರು ನಡೆಸುವ ಒಂದು ಹೆಲ್ತ್ ಸೆಂಟರ್ ಇದೆ, ಅವರೇ ಕರೆದಿದ್ದಾರೆ. ಹೋಗಿ ಬರುವುದು ಸೇರಿ 10 ದಿನ, ಕೆಲಸಕ್ಕೆ ಸಿಗುವುದು 6 ದಿನ. ತಂಡದಲ್ಲಿ ಇಬ್ಬರು ಎಂಬಿಬಿಎಸ್, ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ಆಯುರ್ವೇದ ವೈದ್ಯರು, ಇಬ್ಬರು ಸ್ಟಾಫ್ ನರ್ಸ್ (ನಾನೂ ಸೇರಿ), ಒಬ್ಬ ಫಾರ್ಮಸಿಸ್ಟ್, ಮತ್ತೆ ಆಸ್ಪತ್ರೆ ಕೆಲಸ ಗೊತ್ತಿಲ್ಲದ ಇಬ್ಬರು: ಒಬ್ಬರು ಕಾಫಿ ಬೆಳೆಗಾರರು, ಒಬ್ಬರು ಹೈಸ್ಕೂಲ್ ಮೇಷ್ಟ್ರು.

ಪರಿಚಯದ ಡಾಕ್ಟರುಗಳಿಂದ ಸ್ಯಾಂಪಲ್ ಔಷಧ 4 ಕಾರ್ಟನ್ ಆಗುವಷ್ಟು ಕೂಡಿಟ್ಟಿದ್ದೇವೆ. ಕೆಮ್ಮಿನ ಸಿರಪ್, ಮಲ್ಟಿವಿಟಮಿನ್, ಬಿಪಿ–ಶುಗರ್ ಮಾತ್ರೆ, ಕ್ಲೋರೋಕ್ವಿನ್, ಹುಳದ ಮಾತ್ರೆ, ಒಂದಿಷ್ಟು ಆಂಟಿಬಯೋಟಿಕ್. ಇದನ್ನೆಲ್ಲ ಲಗೇಜಿನಲ್ಲಿ ಹಾಕಿಕೊಂಡು ಹೋಗಬಹುದೇ? ಅಲ್ಲಿ ಕೆಲಸ ಮಾಡಲು ಯಾವ ಅನುಮತಿ ಬೇಕು? ನಮಗೆ ಯಾವ ಲಸಿಕೆ? ವೈದ್ಯರಲ್ಲದ ಇಬ್ಬರಿಗೆ ಏನು ಕೆಲಸ ಕೊಡುವುದು? ಈ ಕೆಲಸ ಬಲ್ಲವರು ದಯವಿಟ್ಟು ವಿವರವಾಗಿ ಹೇಳಿ.

ಮಾತ್ರೆ_ಲೆಕ್ಕ (ಹಾಸನ):

ಸಿಸ್ಟರ್, ಮೊದಲು ಆ 4 ಕಾರ್ಟನ್ ವಿಚಾರ ಮುಗಿಸೋಣ. ಒಯ್ಯಬೇಡಿ.

ವಿಶ್ವ ಆರೋಗ್ಯ ಸಂಸ್ಥೆ ಔಷಧ ದಾನಕ್ಕೆ ಅಂತಲೇ ಮಾರ್ಗಸೂಚಿ ಮಾಡಿದೆ. 1996ರಲ್ಲಿ ಮೊದಲು ಬಂತು, ಆಮೇಲೆ ಎರಡು ಸಲ ಪರಿಷ್ಕರಣೆ ಆಗಿದೆ. ಅದರಲ್ಲಿ ನಿಮಗೆ ಬೇಕಾದ ಮಾತು ಮೂರೇ. ಪಡೆಯುವವರು ಕೇಳಿದ ಔಷಧವನ್ನೇ ಕೊಡಬೇಕು. ಅಲ್ಲಿಗೆ ತಲುಪಿದ ದಿನದಿಂದ ಕನಿಷ್ಠ 1 ವರ್ಷ ಎಕ್ಸ್‌ಪೈರಿ ಉಳಿದಿರಬೇಕು. ಸ್ಯಾಂಪಲ್ ಆಗಿ ಬಂದದ್ದು, ರೋಗಿ ತಿಂದು ಮಿಕ್ಕಿದ್ದು ಕೂಡದು. ನಿಮ್ಮ ಕಾರ್ಟನ್ ಮೂರರಲ್ಲೂ ಫೇಲ್.

ಇದು ಬರೀ ಕಾಗದದ ನಿಯಮ ಅಲ್ಲ. 1992ರಿಂದ 1996ರವರೆಗೆ ಬೋಸ್ನಿಯಾಕ್ಕೆ ಹೋದ ದಾನದ ಔಷಧದಲ್ಲಿ ಅಂದಾಜು 17,000 ಟನ್ ಉಪಯೋಗಕ್ಕೆ ಬಾರದ ಕಸವಾಯಿತು. ಯುದ್ಧದಲ್ಲಿ ಬೆಂದ ಊರಿಗೆ ಕಸ ಸುಡುವ ಖರ್ಚೂ ಬಿತ್ತು. ಸಣ್ಣ ಪ್ರಮಾಣದಲ್ಲಿ ನಿಮ್ಮ ಹೆಲ್ತ್ ಸೆಂಟರಿನಲ್ಲೂ ಆಗುವುದು ಇದೇ. ಹತ್ತು ಬ್ರಾಂಡಿನ ನಾಲ್ಕು ನಾಲ್ಕು ಸ್ಟ್ರಿಪ್ ಇದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೂ ಆಗದು, ಒಬ್ಬ ರೋಗಿಗೆ ಪೂರ್ತಿ ಕೋರ್ಸ್ ಕೊಡಲೂ ಆಗದು. ಬೀಗ ಹಾಕಿದ ಬೀರುವಿನಲ್ಲಿ ಕೂತು ಅವಧಿ ಮುಗಿಯುತ್ತದೆ.

ಉಗಾಂಡಕ್ಕೆ ಔಷಧ ಒಳಗೆ ಹೋಗಬೇಕಾದರೆ ಅಲ್ಲಿನ ನ್ಯಾಷನಲ್ ಡ್ರಗ್ ಅಥಾರಿಟಿಯ ಮುಂಗಡ ಒಪ್ಪಿಗೆ ಬೇಕು. ಅರ್ಜಿ ಹಾಕುವುದು ನಿಮ್ಮನ್ನು ಕರೆದ ಸಂಸ್ಥೆ. ಪಟ್ಟಿಯಲ್ಲಿ ಜೆನೆರಿಕ್ ಹೆಸರು, ಶಕ್ತಿ, ರೂಪ, ತಯಾರಕರು, ಬ್ಯಾಚ್ ನಂಬರ್, ತಯಾರಿ ಮತ್ತು ಎಕ್ಸ್‌ಪೈರಿ ದಿನಾಂಕ, ಒಟ್ಟು ಎಣಿಕೆ, ಬೆಲೆ ಇರಬೇಕು. "ಮಿಕ್ಸೆಡ್ ಮೆಡಿಸಿನ್ಸ್, 1 ಬಾಕ್ಸ್" ಅಂತ ಬರೆದರೆ ಎಂಟೆಬ್ಬೆ ವಿಮಾನ ನಿಲ್ದಾಣದಲ್ಲೇ ಪೆಟ್ಟಿಗೆ ನಿಲ್ಲುತ್ತದೆ. ಟ್ರಮಡಾಲ್, ಡಯಾಜೆಪಾಮ್, ಕೆಟಮಿನ್, ಮಾರ್ಫಿನ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಯಾವುದೂ ಲಗೇಜಿನಲ್ಲಿ ಬೇಡ. ಇಲ್ಲಿಂದ ಹೊರಡುವಾಗಲೇ ಎನ್‌ಡಿಪಿಎಸ್ ಕಾಯ್ದೆ (ಮಾದಕ ವಸ್ತುಗಳ ಕಾನೂನು) ಕಾಲಿಗೆ ಸುತ್ತಿಕೊಳ್ಳುತ್ತದೆ. ಟ್ರಮಡಾಲ್ 2018ರಿಂದ ಅದೇ ಕಾಯ್ದೆಯಡಿ ಇದೆ, ಎಷ್ಟೋ ಜನಕ್ಕೆ ಇನ್ನೂ ಗೊತ್ತಿಲ್ಲ.

ಸುಲಭದ ದಾರಿ ಬೇರೆಯೇ ಇದೆ. ಕಂಪಾಲಾದಲ್ಲಿ ಜಾಯಿಂಟ್ ಮೆಡಿಕಲ್ ಸ್ಟೋರ್ ಅಂತ ಲಾಭ ನೋಡದ ಸಂಸ್ಥೆ ಇದೆ. ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ವೈದ್ಯಕೀಯ ಮಂಡಳಿಗಳು ಸೇರಿ 1979ರಲ್ಲಿ ಕಟ್ಟಿದ್ದು. ಚರ್ಚ್ ಆಸ್ಪತ್ರೆಗಳು ಔಷಧ ಕೊಳ್ಳುವುದು ಅಲ್ಲೇ. ನೀವು ದುಡ್ಡು ಕೊಡಿ, ಸೆಂಟರ್ ಆರ್ಡರ್ ಹಾಕಲಿ, ನೀವು ತಲುಪುವ ಹೊತ್ತಿಗೆ ಮಾಲು ಅಲ್ಲಿರುತ್ತದೆ. ತಮಾಷೆ ಏನೆಂದರೆ ಉಗಾಂಡದ ಔಷಧದಲ್ಲಿ ದೊಡ್ಡ ಪಾಲು ಭಾರತದ್ದೇ. ಹಾಸನದಿಂದ ಹೊತ್ತುಕೊಂಡು ಹೋಗುವುದು ಸಮುದ್ರಕ್ಕೆ ಉಪ್ಪು ಹೊತ್ತ ಹಾಗೆ.

ಎಷ್ಟು ಬೇಕು ಅನ್ನುವ ಲೆಕ್ಕ: ದುಭಾಷಿ ಇಟ್ಟುಕೊಂಡು ಒಬ್ಬ ಡಾಕ್ಟರು ದಿನಕ್ಕೆ ಸರಿಯಾಗಿ ನೋಡಬಹುದಾದ್ದು 40 ಜನ. 2 ಡಾಕ್ಟರು, 6 ದಿನ, 480 ರೋಗಿ. ಅದರಲ್ಲಿ ಯಾರಿಗೆ ಏನು ಅಂತ ಊಹೆ ಮಾಡಬೇಡಿ. ಉಗಾಂಡದ ಪ್ರತಿ ಸೆಂಟರೂ ತಿಂಗಳಿಗೊಮ್ಮೆ ಎಚ್‌ಎಂಐಎಸ್ 105 ಎನ್ನುವ ಹೊರರೋಗಿ ವರದಿ ಕಳಿಸುತ್ತದೆ. ಕಳೆದ ಜನವರಿಯ ವರದಿಯ ಒಂದು ಫೋಟೊ ತರಿಸಿ. ಮಲೇರಿಯಾ, ನ್ಯುಮೋನಿಯಾ, ಭೇದಿ, ಚರ್ಮ, ಯಾವುದು ಎಷ್ಟು ಅಂತ ಅದರಲ್ಲೇ ಇರುತ್ತದೆ. ಅದನ್ನು 480ಕ್ಕೆ ಇಳಿಸಿ, ಮೇಲೆ ಶೇ. 20 ಸೇರಿಸಿ.

ಹುಳದ ಮಾತ್ರೆ ಮತ್ತು ವಿಟಮಿನ್ ಎ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿ ಸರ್ಕಾರವೇ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಚೈಲ್ಡ್ ಡೇಸ್ ಪ್ಲಸ್ ಅಂತ ಮಕ್ಕಳಿಗೆ ಎರಡನ್ನೂ ಹಂಚುತ್ತದೆ. ಜನವರಿಯಲ್ಲಿ ನೀವು ಹೋಗಿ ಕಾರ್ಡ್ ನೋಡದೆ ಮತ್ತೆ ವಿಟಮಿನ್ ಎ ಹಾಕಿದರೆ ಮಗುವಿಗೆ ಡೋಸ್ ಮೇಲೆ ಡೋಸ್ ಆಗುತ್ತದೆ. ಅದು ನೀರಿನಲ್ಲಿ ಕರಗಿ ಹೋಗುವ ವಿಟಮಿನ್ ಅಲ್ಲ, ಮೈಯಲ್ಲೇ ಉಳಿಯುತ್ತದೆ.

ಮಾತ್ರೆ ಕೊಡುವ ಪೊಟ್ಟಣದ ಮೇಲೆ ಸೂರ್ಯ ಹುಟ್ಟುವುದು, ನೆತ್ತಿ ಮೇಲಿನ ಸೂರ್ಯ, ಚಂದ್ರ, ಈ ಮೂರು ಚಿತ್ರ ಅಚ್ಚು ಹಾಕಿಸಿ. ಹಾಸನದ ಯಾವ ಪ್ರಿಂಟಿಂಗ್ ಪ್ರೆಸ್‌ನಲ್ಲೂ ಆಗುತ್ತದೆ. ಚಿತ್ರದ ಕೆಳಗೆ ಎಷ್ಟು ಮಾತ್ರೆಯೋ ಅಷ್ಟು ಗೆರೆ ಎಳೆಯಿರಿ. ಕೊಟ್ಟ ಮೇಲೆ ರೋಗಿಯ ಬಾಯಲ್ಲಿ ಒಮ್ಮೆ ವಾಪಸ್ ಹೇಳಿಸಿ. "ತಿಳೀತಾ?" ಅಂತ ಕೇಳಿದರೆ ಜಗತ್ತಿನ ಎಲ್ಲ ಕಡೆ ಹೂಂ ಅಂತಾರೆ.

ಮುಳ್ಳಯ್ಯನಗಿರಿ_ಕಂಪೌಂಡರ್ (ಚಿಕ್ಕಮಗಳೂರು):

ಮಾತ್ರೆ_ಲೆಕ್ಕ ಅವರು ಹೇಳಿದ್ದಕ್ಕೆ ಮುಂದುವರಿಸಿ, ವೈದ್ಯರ ಕಡೆಯ ವಿಷಯ ಹೇಳುತ್ತೇನೆ. (ಹೆಸರು ನೋಡಿ ಮೋಸ ಹೋಗಬೇಡಿ, ಎಂಡಿ ಮೆಡಿಸಿನ್.)

ಅನುಮತಿ: ಡಾಕ್ಟರು ಮತ್ತು ಡೆಂಟಿಸ್ಟರಿಗೆ ಉಗಾಂಡ ಮೆಡಿಕಲ್ ಅಂಡ್ ಡೆಂಟಲ್ ಪ್ರಾಕ್ಟಿಷನರ್ಸ್ ಕೌನ್ಸಿಲ್‌ನ ತಾತ್ಕಾಲಿಕ ನೋಂದಣಿ, ನರ್ಸ್‌ಗಳಿಗೆ ಅಲ್ಲಿನ ನರ್ಸಸ್ ಅಂಡ್ ಮಿಡ್‌ವೈವ್ಸ್ ಕೌನ್ಸಿಲ್‌ನದು. ಇಲ್ಲಿಂದ ಪದವಿ, ನೋಂದಣಿ ಪತ್ರ, ಆಯಾ ರಾಜ್ಯ ಕೌನ್ಸಿಲ್ ಕೊಡುವ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ (ವೃತ್ತಿಯಲ್ಲಿ ದೂರು ಇಲ್ಲ ಅನ್ನುವ ಪತ್ರ) ಬೇಕಾಗುತ್ತದೆ. ಈಗಲೇ ಶುರು ಮಾಡಿ, ಕೊನೆ ತಿಂಗಳಿಗೆ ಇಟ್ಟುಕೊಂಡರೆ ಆಗುವುದಿಲ್ಲ. ಹೆಚ್ಚಿನ ಅರ್ಜಿ ಸಿಕ್ಕಿಕೊಳ್ಳುವುದು ಹೆಸರಿನಲ್ಲಿ. ನಮ್ಮ ಕಡೆ ಪದವಿ ಪತ್ರದಲ್ಲಿ "ಎಚ್. ಕೆ." ಅಂತ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಊರು–ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿರುತ್ತದೆ. ಎರಡೂ ಒಬ್ಬರೇ ಅಂತ ನೋಟರಿ ಅಫಿಡವಿಟ್ ಮೊದಲೇ ಮಾಡಿಸಿಟ್ಟುಕೊಳ್ಳಿ. ಟೂರಿಸ್ಟ್ ವೀಸಾದಲ್ಲಿ ಹೋಗಿ ರೋಗಿ ಮುಟ್ಟುವುದು ಬೇಡ. ಯಾವ ವರ್ಗದ ಪರವಾನಗಿ ಅಂತ ಕರೆದವರಿಂದ ಲಿಖಿತವಾಗಿ ತರಿಸಿಕೊಳ್ಳಿ. ಜಿಲ್ಲಾ ಆರೋಗ್ಯಾಧಿಕಾರಿಗೂ ಒಂದು ಪತ್ರ ಹೋಗಿರಬೇಕು.

ಆಯುರ್ವೇದ ವೈದ್ಯರಿಗೆ ಅಲ್ಲಿನ ಕೌನ್ಸಿಲ್ ನೋಂದಣಿ ಕೊಡದ ಹೊರತು ಅವರು ಚೀಟಿ ಬರೆಯಬಾರದು. ಇದರಲ್ಲಿ ಅವಮಾನ ಏನಿಲ್ಲ. ಬಂದವರಲ್ಲಿ ಯಾರನ್ನು ಮೊದಲು ಒಳಗೆ ಬಿಡಬೇಕು ಅಂತ ಕಣ್ಣಲ್ಲೇ ಅಳೆಯುವ ಜಾಗಕ್ಕೆ ಅನುಭವಸ್ಥರು ಬೇಕು. ಮಗು ಎದೆಹಾಲು ಕುಡಿಯುತ್ತಿಲ್ಲ, ಫಿಟ್ಸ್ ಬಂದಿದೆ, ಪ್ರಜ್ಞೆ ಮಂಕಾಗಿದೆ, ತಿಂದದ್ದೆಲ್ಲ ವಾಂತಿ, ಉಸಿರಾಡುವಾಗ ಎದೆಗೂಡು ಒಳಗೆ ಸೇದುತ್ತಿದೆ: ಇಂಥವರು ಸಾಲಿನಲ್ಲಿ ನಿಲ್ಲಬಾರದು. ಅವರನ್ನು ಆ ಬಾಗಿಲಲ್ಲಿ ಕೂರಿಸಿ.

ಈಗ ಜ್ವರ. ನಮ್ಮಲ್ಲಿ ವೈವಾಕ್ಸ್ ಮಲೇರಿಯಾಕ್ಕೆ ಕ್ಲೋರೋಕ್ವಿನ್ ಕೊಟ್ಟು ಅಭ್ಯಾಸ. ಅಲ್ಲಿರುವುದು ಹೆಚ್ಚಾಗಿ ಫಾಲ್ಸಿಪಾರಮ್ ಅನ್ನುವ ಹೆಚ್ಚು ಅಪಾಯದ ಬಗೆ, ಕ್ಲೋರೋಕ್ವಿನ್‌ಗೆ ಜಗ್ಗುವುದಿಲ್ಲ, ಅದನ್ನೇ ಕೊಟ್ಟರೆ ಮಗು ಕೈತಪ್ಪಬಹುದು. ಆರ್ಟಿಮೆಥರ್–ಲ್ಯೂಮಿಫ್ಯಾಂಟ್ರಿನ್ 20/120 ಮಿ.ಗ್ರಾಂ. ಮಾತ್ರೆ, ತೂಕ ನೋಡಿ: 5ರಿಂದ 14 ಕೆ.ಜಿ.ಗೆ 1, 15ರಿಂದ 24ಕ್ಕೆ 2, 25ರಿಂದ 34ಕ್ಕೆ 3, 35 ಮತ್ತು ಮೇಲೆ 4. ದಿನಕ್ಕೆ ಎರಡು ಸಲ, 3 ದಿನ, ಅಂದರೆ ದೊಡ್ಡವರಿಗೆ ಒಟ್ಟು 24 ಮಾತ್ರೆ. ಎರಡನೇ ಡೋಸ್ 8 ಗಂಟೆಗೆ, ಆಮೇಲೆ ಬೆಳಿಗ್ಗೆ–ಸಂಜೆ. ಜಿಡ್ಡಿರುವ ಊಟದ ಜೊತೆ ತಗೊಂಡರೆ ಮೈಗೆ ಹತ್ತುತ್ತದೆ, ಬರೀ ಹೊಟ್ಟೆಯಲ್ಲಿ ಅರ್ಧವೂ ಹತ್ತುವುದಿಲ್ಲ. ಉತ್ತರ ಉಗಾಂಡದಲ್ಲಿ ಆರ್ಟಿಮಿಸಿನಿನ್‌ಗೆ (ಆರ್ಟಿಮೆಥರ್ ಸೇರಿದ ಔಷಧ ಗುಂಪು) ಭಾಗಶಃ ಜಗ್ಗದ ಪರಾವಲಂಬಿಗಳು ಸಿಕ್ಕಿವೆ, ಹಾಗಾಗಿ ಒಂದು ದಿನ ತಿಂದು ಜ್ವರ ಬಿಟ್ಟಿತು ಅಂತ ನಿಲ್ಲಿಸುವುದನ್ನು ತಡೆಯುವುದೇ ದೊಡ್ಡ ಕೆಲಸ.

ರಾಪಿಡ್ ಟೆಸ್ಟ್ ಕಿಟ್ ಬಗ್ಗೆ ಎರಡು ಮಾತು. ಅಲ್ಲಿ ಬಳಸುವುದು ಹೆಚ್ಚಾಗಿ ಎಚ್‌ಆರ್‌ಪಿ2 (ಮಲೇರಿಯಾ ಪರಾವಲಂಬಿ ರಕ್ತಕ್ಕೆ ಬಿಡುವ ಪ್ರೋಟೀನ್) ಹಿಡಿಯುವ ಕಿಟ್. ರೋಗ ವಾಸಿಯಾದ ಮೇಲೂ ಕೆಲವು ವಾರ ಗೆರೆ ಮೂಡುತ್ತಲೇ ಇರುತ್ತದೆ. ಆದ್ದರಿಂದ ಹೋದ ತಿಂಗಳು ಮಲೇರಿಯಾ ಮದ್ದು ತಿಂದಿದ್ದೀರಾ ಅಂತ ಕೇಳದೆ ಪಾಸಿಟಿವ್ ಅನ್ನಬೇಡಿ. ಎರಡನೆಯದು, ಕಿಟ್ ಮೇಲೆ ಬರೆದ ಸಮಯಕ್ಕೇ ಓದಬೇಕು, ಸಾಮಾನ್ಯವಾಗಿ 15ರಿಂದ 20 ನಿಮಿಷ. ಗಡಿಬಿಡಿಯಲ್ಲಿ 5 ನಿಮಿಷಕ್ಕೆ ನೋಡಿದರೆ ನೆಗೆಟಿವ್, ಊಟ ಮುಗಿಸಿ ಬಂದು ನೋಡಿದರೆ ಸುಳ್ಳು ಗೆರೆ. ಪ್ರತಿ ಕಿಟ್ ಮೇಲೆ ಪೆನ್ನಿನಲ್ಲಿ ಹನಿ ಹಾಕಿದ ಹೊತ್ತು ಬರೆಯಿರಿ.

ರಕ್ತ ಕಡಿಮೆ ಇರುವ ಮಗುವನ್ನು ನೋಡಿದ ಕೂಡಲೇ ಐರನ್ ಸಿರಪ್ ಬರೆಯುವ ಕೈ ನಮ್ಮದು. ಅಲ್ಲಿ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಹುಟ್ಟುರೋಗ) ಬಹಳ, ರಕ್ತ ಕಡಿಮೆಯಾಗುವುದಕ್ಕೆ ಅದೂ ಕಾರಣ. ಕಣ್ಣು ಹಳದಿ, ಕೈಕಾಲು ಬೆರಳು ಊದಿ ನೋವು, ಪದೇ ಪದೇ ಹೀಗೇ ಅಂದರೆ ಸಿಕಲ್ ಸೆಲ್ ಪರೀಕ್ಷೆಗೆ ಕಳಿಸಿ.

ಬಿಪಿ–ಶುಗರ್: ಒಂದು ಸಲ 150/95 ಬಂತು ಅಂತ 30 ದಿನದ ಆಮ್ಲೋಡಿಪಿನ್ ಕೊಟ್ಟು ಬರುವುದು ಚಿಕಿತ್ಸೆ ಅಲ್ಲ. 31ನೇ ದಿನ ಯಾರು ಕೊಡುತ್ತಾರೆ? ಸೆಂಟರಿನಲ್ಲಿ ಯಾವ ಬಿಪಿ ಮಾತ್ರೆ ವರ್ಷವಿಡೀ ಸಿಗುತ್ತದೋ ಅದನ್ನೇ, ಅಲ್ಲಿನ ಕ್ಲಿನಿಕಲ್ ಆಫೀಸರ್ (ಎಂಬಿಬಿಎಸ್ ಅಲ್ಲದ, ಚಿಕಿತ್ಸೆ ಕೊಡಲು ತರಬೇತಾದವರು) ಕೈಯಲ್ಲೇ, ಅವರ ರಿಜಿಸ್ಟರಿನಲ್ಲೇ ಶುರು ಮಾಡಿಸಿ. ನೀವು ಬೇರೆ ನೋಟ್‌ಬುಕ್ ಇಟ್ಟುಕೊಂಡು ಅದನ್ನು ಹಾಸನಕ್ಕೆ ತಂದರೆ ಆ ರೋಗಿಯ ದಾಖಲೆ ಸಮುದ್ರ ದಾಟಿದಂತೆ. ತೆಳು ತೋಳಿಗೆ ದೊಡ್ಡ ಕಫ್ (ಬಿಪಿ ನೋಡಲು ತೋಳಿಗೆ ಸುತ್ತುವ ಪಟ್ಟಿ) ಕಟ್ಟಿದರೆ ಬಿಪಿ ಕಡಿಮೆ ತೋರಿಸುತ್ತದೆ, ಮೂರು ಅಳತೆಯ ಕಫ್ ಇಟ್ಟುಕೊಳ್ಳಿ.

ಅಲ್ಲಿನ ಮೆಟ್ಟಿಲು ತಿಳಿದುಕೊಳ್ಳಿ. ಹಳ್ಳಿಯಲ್ಲಿ ವಿಲೇಜ್ ಹೆಲ್ತ್ ಟೀಮ್, ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ. ಮೇಲೆ ಹೆಲ್ತ್ ಸೆಂಟರ್ 2, 3, 4. 3ರಲ್ಲಿ ಸಾಮಾನ್ಯವಾಗಿ ಎಂಬಿಬಿಎಸ್ ಡಾಕ್ಟರ್ ಇರುವುದಿಲ್ಲ, ಕ್ಲಿನಿಕಲ್ ಆಫೀಸರ್ ಮುಖ್ಯಸ್ಥರು. ಆಪರೇಷನ್ ಥಿಯೇಟರ್, ಡಾಕ್ಟರ್ ಬೇಕಾದರೆ 4. ನೀವು ಹೋಗುವುದು ಯಾವ ಹಂತದ್ದು, ಹತ್ತಿರದ 4 ಎಷ್ಟು ದೂರ, ಗಾಡಿ ಯಾರದು, ಪೆಟ್ರೋಲಿಗೆ ಯಾರು ಕೊಡುತ್ತಾರೆ, ಈ ನಾಲ್ಕು ಪ್ರಶ್ನೆಗೆ ಉತ್ತರ ಇಲ್ಲದೆ ಮೊದಲ ಟೋಕನ್ ಕೊಡಬೇಡಿ. ಮಾತ್ರೆಗೆ ಇಟ್ಟ ದುಡ್ಡಿನಲ್ಲಿ ಒಂದು ಭಾಗ ರೋಗಿ ಸಾಗಿಸುವುದಕ್ಕೆ ತೆಗೆದಿಡಿ.

ಬೆಟ್ಟದ_ಮಳೆ (ಮೂಡಿಗೆರೆ):

ಬೇಜಾರು ಮಾಡ್ಕೋಬೇಡಿ, ಆದರೂ ಕೇಳ್ತೀನಿ. 9 ಜನರ ವಿಮಾನದ ದುಡ್ಡಲ್ಲಿ ಆ ಸೆಂಟರ್‌ಗೆ ಎಷ್ಟು ತಿಂಗಳ ಔಷಧ ಬರುತ್ತೆ ಅಂತ ಲೆಕ್ಕ ಹಾಕಿದ್ದೀರಾ? ಬಿಪಿ ಒಂದು ಸಲವೂ ನೋಡಿಸದವರು ನಮ್ಮ ಎಸ್ಟೇಟ್ ಲೈನ್ ಮನೆಗಳಲ್ಲೇ (ಕೂಲಿಯವರ ಸಾಲುಮನೆ) ಸಾಲುಸಾಲಾಗಿ ಇದ್ದಾರೆ.

ಹೇಮಾವತಿ_ದಡ:

ಬೆಟ್ಟದ_ಮಳೆ ಅವರೇ, ಆ ಲೆಕ್ಕ ತಂಡದಲ್ಲೂ ಎದ್ದಿದೆ, ಜಗಳವೂ ಆಗಿದೆ. ಸೆಂಟರಿನವರು ಪತ್ರದಲ್ಲಿ ಕೇಳಿದ್ದು ಮುಖ್ಯವಾಗಿ ಎರಡು: ಹಲ್ಲಿನ ಡಾಕ್ಟರು, ಮತ್ತೆ ಹೆರಿಗೆ ಕೋಣೆಯ ನರ್ಸ್‌ಗಳಿಗೆ ತರಬೇತಿ. ಉಳಿದದ್ದು ನಾವೇ ಸೇರಿಸಿಕೊಂಡದ್ದು ಅಂತ ಈಗ ಅನ್ನಿಸ್ತಿದೆ. ಲಸಿಕೆ, ಸೂಜಿ ಚುಚ್ಚಿಕೊಂಡರೆ ಏನು, ಹೆರಿಗೆ ಕೋಣೆಯ ತರಬೇತಿಗೆ ಏನು ಒಯ್ಯಬೇಕು, ಯಾರಾದರೂ ಹೇಳಿ.

ಲೇಬರ್_ವಾರ್ಡ್_ಅಕ್ಕ (ಅರಸೀಕೆರೆ):

ಸಿಸ್ಟರ್, ಕೇಳಿದ್ದನ್ನೇ ಮೊದಲು ಮಾಡಿ. ಹಾಗಾದರೆ 9 ಜನ ಬೇಕೇ ಅಂತ ಆಮೇಲೆ ನೋಡಿಕೊಳ್ಳಿ.

ಲಸಿಕೆ: ಹಳದಿ ಜ್ವರದ್ದು ಕಡ್ಡಾಯ. ಹೊರಡುವ ದಿನಕ್ಕೆ ಕನಿಷ್ಠ 10 ದಿನ ಮುಂಚೆ ಆಗಿರಬೇಕು, ಒಮ್ಮೆ ಹಾಕಿಸಿದರೆ 2016ರ ನಿಯಮದ ಪ್ರಕಾರ ಜೀವನಪೂರ್ತಿ ನಡೆಯುತ್ತದೆ. ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ, ಕೇಂದ್ರ ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಮಾತ್ರ. ಬೆಂಗಳೂರಿಗೆ ಹೋಗುವ ಮುಂಚೆ ಯಾವ ವಾರ ಹಾಕುತ್ತಾರೆ ಅಂತ ಕೇಳಿ, ಒಂದು ವಯಲ್ ಒಡೆದರೆ ಹಲವರಿಗೆ ಹಾಕಬೇಕಾದ್ದರಿಂದ ದಿನ ಗೊತ್ತು ಮಾಡಿರುತ್ತಾರೆ. ಪಾಸ್‌ಪೋರ್ಟ್ ಒಯ್ಯಿರಿ. ಹಳದಿ ಪುಸ್ತಕ (ಲಸಿಕೆ ಹಾಕಿದ ಪ್ರಮಾಣಪತ್ರ) ಇಲ್ಲದೆ ವಾಪಸ್ ಬಂದರೆ ನಮ್ಮ ದೇಶದಲ್ಲೇ 6 ದಿನ ಕ್ವಾರಂಟೈನ್ ಮಾಡಬಹುದು. 60 ದಾಟಿದವರು, ಮೊಟ್ಟೆಗೆ ತೀವ್ರ ಅಲರ್ಜಿ ಇರುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತಿನ್ನುವವರು ಮೊದಲು ಡಾಕ್ಟರ ಹತ್ತಿರ ಮಾತಾಡಿ. ನಿಮ್ಮ ಬೆಳೆಗಾರರ ವಯಸ್ಸು ಎಷ್ಟೋ ನೋಡಿ.

ಹೆಪಟೈಟಿಸ್ ಬಿ 0, 1, 6 ತಿಂಗಳು. ಅಷ್ಟು ಸಮಯ ಇಲ್ಲದಿದ್ದರೆ 0, 7, 21 ದಿನ, ಆಮೇಲೆ 12 ತಿಂಗಳಿಗೆ ನಾಲ್ಕನೆಯದು. ಯಾವಾಗಲೋ ಹಾಕಿಸಿದ್ದೆ ಅನ್ನುವವರು ಆಂಟಿ ಎಚ್‌ಬಿಎಸ್ ಟೈಟರ್ (ಲಸಿಕೆಯ ರಕ್ಷಣೆ ಉಳಿದಿದೆಯೋ ಅಂತ ತೋರಿಸುವ ರಕ್ತ ಪರೀಕ್ಷೆ) ನೋಡಿಸಲಿ, 10ಕ್ಕಿಂತ ಮೇಲಿರಬೇಕು. ಉತ್ತರ ಉಗಾಂಡ ಆಫ್ರಿಕಾದ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಹೆಚ್ಚಿರುವ ವಲಯದೊಳಗೆ ಬರುತ್ತದೆ, ಜನವರಿ ಒಣ ಕಾಲ, ಅಂದರೆ ಅದು ಹರಡುವ ಕಾಲ. ಅದರ ಎಸಿಡಬ್ಲ್ಯುವೈ ಲಸಿಕೆ ಬಿಡಬೇಡಿ. ಟೈಫಾಯಿಡ್, ಟಿಟನಸ್ ಬೂಸ್ಟರ್ ಹೇಗೂ ಇದ್ದದ್ದೇ.

ಮಲೇರಿಯಾ ತಡೆಗೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೊಂದು, ಹೋಗುವ ಹಿಂದಿನ ದಿನದಿಂದ ವಾಪಸ್ ಬಂದ ಮೇಲೆ 4 ವಾರದವರೆಗೆ. ಜನ ತಪ್ಪುವುದು ಆ 4 ವಾರದಲ್ಲೇ. ತುಂಬಿದ ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗಬೇಡಿ, ಇಲ್ಲವಾದರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ. ಬಿಸಿಲಿಗೆ ಚರ್ಮ ಸುಡುತ್ತದೆ, ಉದ್ದ ತೋಳಿನ ಬಟ್ಟೆ ಇರಲಿ. ಬಸುರಿಯರಿಗೆ ಆಗದು. ಅಟೊವಾಕ್ವೋನ್–ಪ್ರೊಗ್ವಾನಿಲ್ ಆದರೆ ಬಂದ ಮೇಲೆ 7 ದಿನ ಸಾಕು, ದುಬಾರಿ.

ಸೂಜಿ: ಚುಚ್ಚಿಕೊಂಡರೆ ಹಿಂಡಬೇಡಿ, ಸ್ಪಿರಿಟ್ ಸುರಿಯಬೇಡಿ. ಸೋಪು ನೀರಿನಲ್ಲಿ ತೊಳೆಯಿರಿ. ಎಚ್‌ಐವಿ ತಡೆ ಮಾತ್ರೆ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ, ಒಟ್ಟು 28 ದಿನ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಒಂದೇ ಮಾತ್ರೆಯಲ್ಲಿ ಬರುತ್ತದೆ. ಅದು ಆ ಸೆಂಟರಿನಲ್ಲೇ ಇದೆಯೋ, ರಾತ್ರಿ ಬೀರುವಿನ ಕೀ ಯಾರ ಹತ್ತಿರ ಅಂತ ಮೊದಲ ದಿನವೇ ಕೇಳಿ. ಚುಚ್ಚಿದ ಸೂಜಿಗೆ ಮತ್ತೆ ಕ್ಯಾಪ್ ಹಾಕುವವರಿಗೆ ಆ ದಿನ ಸೂಜಿ ಕೆಲಸ ಇಲ್ಲ ಅಂತ ನಿಯಮ ಮಾಡಿ. 5 ಲೀಟರಿನ ಸೇಫ್ಟಿ ಬಾಕ್ಸಿನಲ್ಲಿ ಸುಮಾರು 100 ಸಿರಿಂಜ್ ಹಿಡಿಯುತ್ತದೆ, ಮುಕ್ಕಾಲು ತುಂಬಿದ ಕೂಡಲೇ ಮುಚ್ಚಿ. ಅದನ್ನು ಎಲ್ಲಿ ಸುಡುತ್ತಾರೆ, ಗುಂಡಿ ಎಲ್ಲಿ ಅಂತ ನಿಮ್ಮ ಕಣ್ಣಾರೆ ನೋಡಿ. ನೀವು ಬಂದ ಮೇಲೆ ಆ ಗುಂಡಿ ಹತ್ತಿರ ಆಡುವುದು ಆ ಊರಿನ ಮಕ್ಕಳು.

ರಕ್ತ ಚೆಲ್ಲಿದ ಕಡೆಗೆ ಶೇ. 0.5 ಕ್ಲೋರಿನ್. ಅಲ್ಲಿ ಸಿಗುವ ಎಚ್‌ಟಿಎಚ್ ಎನ್ನುವ ಕ್ಲೋರಿನ್ ಪುಡಿ ಶೇ. 70ರದ್ದು, ಲೀಟರಿಗೆ 7 ಗ್ರಾಂ. ಸಾಕು. ನಮ್ಮ ಪಂಚಾಯ್ತಿ ಬ್ಲೀಚಿಂಗ್ ಪೌಡರಿನ ಅಂದಾಜಿನಲ್ಲಿ ಚಮಚ ಸುರಿದರೆ ಎರಡು ಪಟ್ಟಾಗುತ್ತದೆ, ಏಕೆಂದರೆ ಇಲ್ಲಿಯದು ಹೆಚ್ಚೆಂದರೆ ಶೇ. 35. ಬೆಳಿಗ್ಗೆ ಕಲಸಿದ್ದು ಮರುದಿನಕ್ಕೆ ಇಡಬೇಡಿ, ಸತ್ವ ಹೋಗಿರುತ್ತದೆ.

ಇನ್ನು ತರಬೇತಿ. ಹುಟ್ಟಿದಾಗ ಉಸಿರಾಡದ ಮಗುವಿಗೆ ಉಸಿರು ತರಿಸುವುದನ್ನು ಕಲಿಸುವ, 2010ರಲ್ಲಿ ಶುರುವಾದ ಹೆಲ್ಪಿಂಗ್ ಬೇಬೀಸ್ ಬ್ರೀದ್ ಕಾರ್ಯಕ್ರಮದ ಪಾಠವನ್ನೇ ಹಿಡಿದುಕೊಳ್ಳಿ, ಹೊಸದಾಗಿ ಏನೂ ಕಟ್ಟಬೇಡಿ. ಅಳದ ಮಗುವನ್ನು ಒರೆಸು, ಬೆಚ್ಚಗಿಡು, ಬೆನ್ನು ನೀವು, ಆದರೂ ಉಸಿರಿಲ್ಲವೇ, ಹುಟ್ಟಿದ 1 ನಿಮಿಷದೊಳಗೆ ಮಾಸ್ಕ್ ಇಟ್ಟು ಗಾಳಿ ಊದುವ ಬ್ಯಾಗ್ ಒತ್ತು. ನಿಮಿಷಕ್ಕೆ 40 ಸಲ. ತಪ್ಪಾಗುವುದು ಎರಡು ಕಡೆ. ಮಾಸ್ಕ್ ಕಣ್ಣಿನ ಮೇಲೆ ಕೂತು ಗಾಳಿ ಸೋರುತ್ತದೆ, ಇಲ್ಲವೇ ಕತ್ತು ಹೆಚ್ಚು ಹಿಂದಕ್ಕೆ ಬಾಗಿ ದಾರಿ ಮುಚ್ಚುತ್ತದೆ. ಎದೆ ಏಳುತ್ತಿದೆಯೋ ನೋಡುವುದೊಂದೇ ಪರೀಕ್ಷೆ. 6 ಜನಕ್ಕೊಂದು ಗೊಂಬೆ, ಒಂದು ಬ್ಯಾಗ್, 0 ಮತ್ತು 1 ಅಳತೆಯ ಮಾಸ್ಕ್, ಮತ್ತೆ ಮತ್ತೆ ತೊಳೆದು ಕುದಿಸಬಹುದಾದ ಸಕ್ಷನ್ ಬಲ್ಬ್ (ಮಗುವಿನ ಬಾಯಿ–ಮೂಗಿನ ಲೋಳೆ ಎಳೆಯುವ ರಬ್ಬರ್ ಬುರುಡೆ). ಗೊಂಬೆ, ಬ್ಯಾಗ್ ಅಲ್ಲೇ ಬಿಟ್ಟು ಬನ್ನಿ. ಒಂದು ದಿನದ ಪಾಠ ತಿಂಗಳಲ್ಲಿ ಮರೆತು ಹೋಗುತ್ತದೆ, ಆದ್ದರಿಂದ ಪ್ರತಿ ಡ್ಯೂಟಿ ಶುರುವಿನಲ್ಲಿ 5 ನಿಮಿಷ ಗೊಂಬೆ ಮೇಲೆ ಕೈ ಆಡಿಸುವಂತೆ ಅಲ್ಲಿನ ಇಬ್ಬರು ನರ್ಸ್‌ಗಳನ್ನೇ ಕಲಿಸುವವರನ್ನಾಗಿ ಮಾಡಿ. ನೀವು ಪಕ್ಕಕ್ಕೆ ನಿಲ್ಲಿ.

ದವಡೆ_ದಾರಿ (ಚಿಕ್ಕಮಗಳೂರು):

ಡೆಂಟಲ್‌ಗೆ ಮಾತ್ರ ಹೇಳ್ತೀನಿ.

ಡ್ರಿಲ್, ಕಂಪ್ರೆಸರ್ ಹೊತ್ತುಕೊಂಡು ಹೋಗಬೇಡಿ. ಕೈ ಉಪಕರಣದಲ್ಲಿ ಹುಳುಕು ಕೆರೆದು ಗ್ಲಾಸ್ ಅಯನೊಮರ್ (ಹಲ್ಲಿನ ಸಿಮೆಂಟ್) ತುಂಬುವ ಎಆರ್‌ಟಿ ವಿಧಾನಕ್ಕೆ ಕರೆಂಟೇ ಬೇಡ. ಪುಡಿ–ದ್ರವ ಬಿಸಿಲಿಗೆ ಬೇಗ ಗಟ್ಟಿಯಾಗುತ್ತದೆ, ನೆರಳಿನಲ್ಲಿ ತಣ್ಣನೆ ಗಾಜಿನ ಮೇಲೆ ಕಲಸಿ. ಹಲ್ಲು ಕೀಳುವುದಕ್ಕೆ ದಿನಕ್ಕೆ 15 ಜನ ಅಂದರೆ ಫೋರ್ಸೆಪ್ಸ್ (ಹಲ್ಲು ಕೀಳುವ ಇಕ್ಕಳ) ಸೆಟ್ ಕನಿಷ್ಠ 6 ಬೇಕು. ಸೆಟ್ ಶುದ್ಧ ಮಾಡುವ ಆಟೋಕ್ಲೇವ್ (ಹಬೆಯ ಕುಕ್ಕರ್) 121 ಡಿಗ್ರಿ, 15 ಪಿಎಸ್‌ಐ, 20ರಿಂದ 30 ನಿಮಿಷ, ಬಿಸಿಯಾಗುವ–ಆರುವ ಹೊತ್ತು ಸೇರಿ ಒಂದು ಸುತ್ತಿಗೆ ಒಂದು ಗಂಟೆ ಮೀರುತ್ತದೆ. ಶಿಬಿರ ನಿಲ್ಲುವುದು ಡೆಂಟಿಸ್ಟ್ ಸುಸ್ತಾಗಿ ಅಲ್ಲ, ಸೆಟ್ ಮುಗಿದು.

ಮರಗಟ್ಟಿಸುವ ಲಿಗ್ನೊಕೇನ್ 30 ಎಂ.ಎಲ್. ಬಾಟಲಿ ಬೇಡ, ಕಾರ್ಟ್ರಿಜ್ ಇರಲಿ. ಬಾಟಲಿಗೆ ಬಳಸಿದ ಸೂಜಿ ಮತ್ತೆ ಚುಚ್ಚುವ ತಪ್ಪು ಗಡಿಬಿಡಿಯಲ್ಲೇ ಆಗುವುದು. ಮಗುವಿಗೆ ತೂಕ ನೋಡದೆ ಕೊಡಬೇಡಿ: ಕೆ.ಜಿ.ಗೆ 4.4 ಮಿ.ಗ್ರಾಂ. ಅಂತ ಹಿಡಿದರೆ 12 ಕೆ.ಜಿ. ಮಗುವಿಗೆ ಶೇ. 2ರ ದ್ರಾವಣ 2.6 ಎಂ.ಎಲ್. ಮೀರಬಾರದು.

ನಮ್ಮಲ್ಲಿ ನೋಡದ ಎರಡು ಸಂಗತಿ ಅಲ್ಲಿ ಕಾಣಬಹುದು. ಒಂದು, ಹಸುಗೂಸಿಗೆ ಜ್ವರ, ಭೇದಿ ಬಂದಾಗ ವಸಡಿನೊಳಗಿನ ಕೋರೆಹಲ್ಲಿನ ಮೊಳಕೆಯನ್ನು "ಸುಳ್ಳು ಹಲ್ಲು" ಅಂತ ಕಿತ್ತು ಹಾಕುವ ಪದ್ಧತಿ. ಎಬಿನ್ಯೊ ಅನ್ನುತ್ತಾರೆ. ನಾಲ್ಕು ವರ್ಷದ ಮಗುವಿಗೆ ಹಾಲುಹಲ್ಲಿನ ಕೋರೆಯೇ ಇಲ್ಲದಿದ್ದರೆ, ಕೆಳಗಿನ ಖಾಯಂ ಹಲ್ಲು ಸೊಟ್ಟಾಗಿದ್ದರೆ ಕಾರಣ ಅದಿರಬಹುದು. ತಾಯಿಯನ್ನು ಗದರಬೇಡಿ, ಗದರಿದರೆ ಮುಂದಿನ ಕೂಸನ್ನು ಯಾರಿಗೂ ತೋರಿಸುವುದಿಲ್ಲ. ಇನ್ನೊಂದು ಗಂಭೀರ. ಮಗುವಿನ ದವಡೆ ಊದಿದೆ, ಹಲ್ಲು ಅಲ್ಲಾಡುತ್ತಿದೆ, ಹುಳುಕು ಇಲ್ಲ, ಜ್ವರ ಇಲ್ಲ, ಎರಡು ಮೂರು ವಾರದಲ್ಲಿ ದಪ್ಪವಾಗಿದೆ ಅಂದರೆ ಕೀವು ಅಂದುಕೊಂಡು ಹಲ್ಲು ಕೀಳಬೇಡಿ. ಬರ್ಕಿಟ್ ಲಿಂಫೋಮಾ ಅನ್ನುವ ಮಕ್ಕಳ ಕ್ಯಾನ್ಸರ್ ಇರಬಹುದು. ಡೆನಿಸ್ ಬರ್ಕಿಟ್ 1958ರಲ್ಲಿ ಈ ಗಡ್ಡೆಯನ್ನು ಮೊದಲು ವಿವರಿಸಿದ್ದು ಕಂಪಾಲಾದ ಮಕ್ಕಳನ್ನು ನೋಡಿಯೇ. ದಿನಗಳಲ್ಲಿ ಬೆಳೆಯುತ್ತದೆ, ಆದರೆ ಕೀಮೊಗೆ ಚೆನ್ನಾಗಿ ಕರಗುತ್ತದೆ. ಕಂಪಾಲಾದಲ್ಲಿ 1967ರಿಂದ ಉಗಾಂಡ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಇದೆ. ಮುಳ್ಳಯ್ಯನಗಿರಿ ಸರ್ ಹೇಳಿದ ಸಾಗಣೆ ದುಡ್ಡು ಇಂಥ ಮಗುವಿಗೇ.

ಸಂತೆಪೇಟೆ_ಟೋಕನ್ (ಹಾಸನ):

ಬೆಳೆಗಾರರಿಗೂ ಮೇಷ್ಟ್ರಿಗೂ ಕೈ ತುಂಬ ಕೆಲಸ ಇದೆ.

ಮೇಷ್ಟ್ರಿಗೆ ಓದುವ ಕನ್ನಡಕ. 40 ದಾಟಿದವರಿಗೆ ಹತ್ತಿರದ್ದು ಕಾಣದಿರುವುದಕ್ಕೆ ರೆಡಿಮೇಡ್ ಕನ್ನಡಕ ಸಾಕು, ಅರ್ಧ ದಿನದಲ್ಲಿ ಕಲಿಯಬಹುದು. 200 ಜೊತೆ ಅಂದರೆ +1.00 30, +1.50 50, +2.00 60, +2.50 40, +3.00 20. ಮೊದಲು ದೂರದ ದೃಷ್ಟಿ ನೋಡಬೇಕು, ದೂರದ್ದೇ ಮಂಜಾಗಿದ್ದರೆ ಅಥವಾ ಕಣ್ಣು ಕೆಂಪಾಗಿದ್ದರೆ ಕನ್ನಡಕ ಕೊಡದೆ ಕಣ್ಣಿನವರ ಹತ್ತಿರ ಕಳಿಸುವುದು. ಸರಿ ಇದ್ದರೆ 40 ಸೆಂ.ಮೀ. ದೂರದಲ್ಲಿ, ಕಡಿಮೆ ಪವರಿನಿಂದ ಶುರು. ಓದು ಬಾರದವರಿಗೆ ಅಕ್ಷರದ ಚಾರ್ಟ್ ಬೇಡ, ಸೂಜಿಗೆ ದಾರ ಪೋಣಿಸಿ ನೋಡಲಿ, ತಟ್ಟೆಯಲ್ಲಿ ಕಾಳಿನ ಕಲ್ಲು ಆರಿಸಲಿ.

ಬೆಳೆಗಾರರಿಗೆ ಸಾಲು ಮತ್ತು ಸಾಮಾನು. ಎಸ್ಟೇಟಿನಲ್ಲಿ ನೂರು ಆಳು ನಿಭಾಯಿಸಿದವರಿಗೆ ಇದು ಹೊಸದಲ್ಲ. ಬೆಳಿಗ್ಗೆ 80 ಟೋಕನ್, ಮುಗಿದರೆ ಮುಗಿಯಿತು. ಕತ್ತಲಾಗುವ ಹೊತ್ತಿಗೆ ಹೊರಗೆ 60 ಜನ ಉಳಿದರೆ ಅವರು ರಾತ್ರಿ ನಡೆದು ಹೋಗಬೇಕು, ಆ ಪಾಪ ನಿಮಗೆ. ನೋಂದಣಿ, ಬಿಪಿ–ತೂಕ, ಡಾಕ್ಟರು, ಪರೀಕ್ಷೆ, ಔಷಧ, ಐದು ಜಾಗಕ್ಕೂ ಒಂದೇ ದಿಕ್ಕಿನ ದಾರಿ. ಒಳಗೆ ಬರುವ ಬಾಗಿಲು, ಹೊರಗೆ ಹೋಗುವ ಬಾಗಿಲು ಒಂದೇ ಆದರೆ ಕೆಟ್ಟಿತು. ಸಂತೆ ದಿನ, ಕೊಯ್ಲಿನ ದಿನ ಕೇಳಿಕೊಂಡು ದಿನ ಗೊತ್ತು ಮಾಡಿ. ನಮ್ಮಲ್ಲಿ ಕಾಫಿ ಕೊಯ್ಲಿನ ಹೊತ್ತಿಗೆ ಶಿಬಿರ ಇಟ್ಟರೆ ಯಾರು ಬರುತ್ತಾರೆ ಹೇಳಿ?

ಪ್ಲಗ್: ಅಲ್ಲೂ 240 ವೋಲ್ಟ್, ಆದರೆ ಚೌಕ ಕಡ್ಡಿಯ ಮೂರು ಪಿನ್. ನಮ್ಮ ದುಂಡು ಪಿನ್ ಹೋಗುವುದಿಲ್ಲ. ಗಟ್ಟಿ ಅಡಾಪ್ಟರ್ 4, ಇಲ್ಲಿಯ ಎಕ್ಸ್‌ಟೆನ್ಷನ್ ಬೋರ್ಡ್ 2 ಸಾಕು.

ದುಭಾಷಿ ದೊಡ್ಡ ಸಮಸ್ಯೆ. ಇಂಗ್ಲಿಷ್ ಸರ್ಕಾರಿ ಭಾಷೆ ಆದರೂ ಲಿರಾ ಸುತ್ತ ಮನೆಯಲ್ಲಿ ಆಡುವುದು ಲಾಂಗೊ. ಡಾಕ್ಟರಿಗೊಬ್ಬರಂತೆ ದುಭಾಷಿ, ದಿನಗೂಲಿ ಕೊಟ್ಟು. ರೋಗಿಯ ಮಗ ಮಗಳಿಂದ ಅನುವಾದ ಮಾಡಿಸಬೇಡಿ, ಹೆಂಗಸರ ತೊಂದರೆ ಹೊರಗೆ ಬರುವುದಿಲ್ಲ.

ಬೆಟ್ಟದ_ಮಳೆ ಅವರ ಮಾತನ್ನು ಹೀಗೆ ಬಳಸಿಕೊಳ್ಳಿ. ಸಕಲೇಶಪುರ ಅಥವಾ ಮೂಡಿಗೆರೆ ಕಡೆ ಎಸ್ಟೇಟುಗಳಲ್ಲಿ ಈಗ ಅಸ್ಸಾಂ, ಜಾರ್ಖಂಡ್ ಕಡೆಯ ಕೆಲಸಗಾರರು ತುಂಬ ಇದ್ದಾರೆ. ಕನ್ನಡ ಬಾರದು. ತಾಲ್ಲೂಕು ಆರೋಗ್ಯಾಧಿಕಾರಿಗೆ ಹೇಳಿ, ಆ ಪಿಎಚ್‌ಸಿಯವರನ್ನು ಸೇರಿಸಿಕೊಂಡು, ನವೆಂಬರಿನ ಒಂದು ಭಾನುವಾರ ಲೈನ್ ಮನೆಗಳ ಹತ್ತಿರ ಪೂರ್ತಿ ಶಿಬಿರ ನಡೆಸಿ. ಅದೇ ಐದು ಜಾಗ, ಅದೇ ಪೊಟ್ಟಣ, ದುಭಾಷಿ ಮೂಲಕ ಮಾತು. ಗಂಟೆಗೆ ಎಷ್ಟು ಜನ ಆಗುತ್ತಾರೆ ಅಂತ ಗಡಿಯಾರ ಹಿಡಿದು ಬರೆಯಿರಿ. ಬಿಪಿ ಹೆಚ್ಚಿದ್ದವರನ್ನು ಪಿಎಚ್‌ಸಿ ಪಟ್ಟಿಗೆ ಸೇರಿಸಿ, ಮುಂದಿನ ತಿಂಗಳು ಎಷ್ಟು ಜನ ಮತ್ತೆ ಹೋದರು ನೋಡಿ. ನಿಮ್ಮ ಶಿಬಿರ ಉಪಯೋಗವೋ ಇಲ್ಲವೋ ಅನ್ನುವುದು ಆ ಸಂಖ್ಯೆಯಲ್ಲಿ ಗೊತ್ತಾಗುತ್ತದೆ.

ಫೋಟೊ: ಚರ್ಚ್‌ನವರು ಕೇಳಿದರೂ ರೋಗಿಯ ಮುಖ ಬೇಡ.

ಬೆಟ್ಟದ_ಮಳೆ:

ಲೈನ್ ಮನೆ ಶಿಬಿರಕ್ಕೆ ಭಾನುವಾರ ಬೇಡ. ಬಣಕಲ್, ಕೊಟ್ಟಿಗೆಹಾರ ಕಡೆ ಭಾನುವಾರ ಎಲ್ಲರೂ ಸಾಮಾನು ತರೋಕೆ ಪೇಟೆಗೆ ಹೋಗಿರ್ತಾರೆ. ಎಸ್ಟೇಟ್ ರೈಟರ್ (ಆಳುಗಳ ಲೆಕ್ಕ ನೋಡೋರು) ಹತ್ರ ಮಾತಾಡಿ, ಕೆಲಸದ ದಿನ ಸಂಜೆ 4ರ ಮೇಲೆ ಇಟ್ಟುಕೊಳ್ಳಿ. ಜಾಗ ನೋಡೋಕೆ ನಾನು ಸಹಾಯ ಮಾಡ್ತೀನಿ.

ಹೇಮಾವತಿ_ದಡ:

ಎಲ್ಲರಿಗೂ ತುಂಬ ಧನ್ಯವಾದ. ಸ್ಯಾಂಪಲ್ ಕಾರ್ಟನ್ ಕೊಟ್ಟವರಿಗೇ ವಾಪಸ್. ವರದಿ 105 ತರಿಸಲು ಇವತ್ತೇ ಬರೆದಿದ್ದೇನೆ. 9 ಜನ 6 ಆಗಬಹುದು. ಡೆಂಟಿಸ್ಟ್, ಒಬ್ಬ ಡಾಕ್ಟರು, ನಾವಿಬ್ಬರು ನರ್ಸ್, ಫಾರ್ಮಸಿಸ್ಟ್, ಮೇಷ್ಟ್ರು. ಬೆಳೆಗಾರರು ಲೈನ್ ಮನೆ ಶಿಬಿರ ವಹಿಸಿಕೊಳ್ಳುತ್ತೇನೆ ಅಂದಿದ್ದಾರೆ. ಕೊನೆಯದೊಂದು: ವಾಪಸ್ ಬಂದ ಮೇಲೆ ನಮ್ಮಲ್ಲಿ ಯಾರಿಗಾದರೂ ಜ್ವರ ಬಂದರೆ?

ಮುಳ್ಳಯ್ಯನಗಿರಿ_ಕಂಪೌಂಡರ್:

ಬಂದ 3 ತಿಂಗಳೊಳಗೆ ಜ್ವರ ಬಂದರೆ ಅದೇ ದಿನ ಮಲೇರಿಯಾ ಸ್ಮಿಯರ್ (ಸೂಕ್ಷ್ಮದರ್ಶಕದಲ್ಲಿ ರಕ್ತ ನೋಡುವುದು) ಮತ್ತು ರಾಪಿಡ್ ಟೆಸ್ಟ್, ಡಾಕ್ಸಿ ತಪ್ಪದೆ ತಿಂದಿದ್ದರೂ ಸರಿ. ನೆಗೆಟಿವ್ ಬಂದರೆ 12ರಿಂದ 24 ಗಂಟೆಗೊಮ್ಮೆ ಇನ್ನೆರಡು ಸಲ. ಹಾಸನದಲ್ಲಿ ಜ್ವರ ಅಂದರೆ ಡೆಂಗಿ, ಚಿಕ್ಕಮಗಳೂರಿನಲ್ಲಿ ಜನವರಿಯಿಂದ ಮಂಗನ ಕಾಯಿಲೆ ಅಂತ ಯೋಚನೆ ಮೊದಲು ಆ ಕಡೆಗೇ ಹೋಗುತ್ತದೆ. ಆದ್ದರಿಂದ ಒಪಿಡಿಯಲ್ಲಿ ಕೂತ ಕೂಡಲೇ ಮೊದಲ ವಾಕ್ಯ "ಉಗಾಂಡದಿಂದ ಬಂದಿದ್ದೇನೆ, ಇಂಥ ದಿನ" ಅಂತ ಇರಲಿ. ಕೆರೆ, ನದಿಗೆ ಇಳಿದಿದ್ದರೆ ಅದನ್ನೂ ಹೇಳಿ. ಬಸವನಹುಳುವಿನಿಂದ ನೀರಿಗೆ ಬಂದು ಚರ್ಮದೊಳಗೆ ಹೋಗುವ ಶಿಸ್ಟೊಸೋಮಾ ಹುಳದ ಜ್ವರ ಕೆಲವು ವಾರ ಬಿಟ್ಟು ಬರುತ್ತದೆ. ಇಳಿಯದಿದ್ದರೆ ಇನ್ನೂ ಒಳ್ಳೆಯದು. ಹೊರಡುವ ವಾರ ಎಬೋಲಾ ಸುದ್ದಿ ಇದೆಯೋ ಅಂತಲೂ ನೋಡಿ. 2022ರಲ್ಲೂ 2025ರಲ್ಲೂ ಅಲ್ಲಿ ಬಂದು ಹೋಗಿದೆ. ಇದ್ದರೆ ಟಿಕೆಟ್ ಮುಂದೂಡಿ.